ಹಳೇ ಕಾರಿಗೆ ಎಫ್‌ಎಂ ಟ್ರಾನ್ಸ್‌ಮಿಟರ್ ತಗೋಬಹುದಾ?

ಕಾರಲ್ಲಿ ಬರೀ ರೇಡಿಯೊ, ಸಿಡಿ ಇದೆ, ಬ್ಲೂಟೂತ್ ಇಲ್ಲ, ಲೈಟರ್ ಸಾಕೆಟ್‌ಗೆ ಸಿಕ್ಕಿಸೋ ಎಫ್‌ಎಂ ಟ್ರಾನ್ಸ್‌ಮಿಟರ್ ತಗೊಂಡ್ರೆ ದುಡ್ಡು ದಂಡನಾ ಅಂತ ಕೇಳಿದ್ದೀರಿ. ಯಾವ ಊರಲ್ಲಿ ಓಡಿಸ್ತೀರಿ ಅಂತ ಮಾತ್ರ ಹೇಳಿಲ್ಲ. ಮುಕ್ಕಾಲು ಪಾಲು ಉತ್ತರ ಅಲ್ಲೇ ಇದೆ.

ಮೊದಲು ಸ್ಟೀರಿಯೊ ಮುಂದೆ, ಗ್ಲೋವ್ ಬಾಕ್ಸ್ ಒಳಗೂ ಒಮ್ಮೆ ಹುಡುಕಿ. ಆಕ್ಸ್ ತೂತು, ಅಂದ್ರೆ ಫೋನಿಂದ ನೇರ ವೈರು ಸಿಕ್ಕಿಸೋ ತೂತು, ಸಿಕ್ಕಿದ್ರೆ ಈ ಸಹವಾಸವೇ ಬೇಡ. ಒಂದು ವೈರು ಸಾಕು, ಇಲ್ಲಾಂದ್ರೆ ಆಕ್ಸ್‌ಗೆ ಹಾಕೋ ಪುಟ್ಟ ಬ್ಲೂಟೂತ್ ರಿಸೀವರ್ ತಗೊಳ್ಳಿ.

ನನ್ನ ಹಳೇ ವ್ಯಾಗನ್‌ಆರ್‌ಗೆ ಆ ಭಾಗ್ಯ ಇರಲಿಲ್ಲ. ಟ್ರಾನ್ಸ್‌ಮಿಟರ್ ತಂದೆ. ಅದು ಫೋನಿಂದ ಬ್ಲೂಟೂತ್‌ನಲ್ಲಿ ಹಾಡು ತಗೊಂಡು, 87.5ರಿಂದ 108 ಮೆಗಾಹರ್ಟ್ಸ್ ಒಳಗೆ ನೀವು ಹೇಳಿದ ಜಾಗದಲ್ಲಿ ಬಿತ್ತರಿಸೋ ಬೆರಳುದ್ದದ ರೇಡಿಯೊ ಸ್ಟೇಷನ್, ಅಷ್ಟೇ. ಕಾರಿನ ರೇಡಿಯೊನೂ ಅದೇ ನಂಬರ್‌ಗಿಟ್ರೆ ಹಾಡು ಕೇಳುತ್ತೆ. ಬೆಂಗಳೂರಲ್ಲಿ ಖಾಲಿ ಜಾಗ ಹುಡುಕೋದೇ ಕಷ್ಟ. 91.1, 91.9, 92.7, 93.5, 94.3 ಅಂತ 0.8ಕ್ಕೊಂದು ಸ್ಟೇಷನ್ ಸಾಲಾಗಿ ಕೂತಿವೆ. ನಡುವಿನ 91.5 ಖಾಲಿ ಇದೆಯಲ್ಲ ಅಂತ ಅಲ್ಲಿಗಿಟ್ಟೆ. ಯಶವಂತಪುರ ಫ್ಲೈಓವರ್ ಹತ್ತುವಾಗ ಭೀಮಸೇನ ಜೋಶಿಯವರ ಆಲಾಪ ಮಾಯವಾಗಿ ಪಕ್ಕದ ಸ್ಟೇಷನ್‌ನ ಚಿನ್ನದಂಗಡಿ ಜಾಹೀರಾತು ಬಂತು! ಎಫ್‌ಎಂ ಗುಣವೇ ಹಾಗೆ. ಎರಡು ಸಿಗ್ನಲ್ ಒಂದೇ ಕಡೆ ಬಿದ್ರೆ ಕಲಸಿಕೊಳ್ಳಲ್ಲ, ಜೋರಾಗಿರೋದು ಇನ್ನೊಂದನ್ನ ನುಂಗಿಬಿಡುತ್ತೆ. ಕಡೆಗೆ ಬ್ಯಾಂಡಿನ ತಳಕ್ಕೆ ಇಳಿದು 88.1ರಲ್ಲಿ ನಿಂತೆ, ಪರವಾಗಿಲ್ಲ ಅನ್ನೋ ಹಾಗಿದೆ. ಒಂದ್ಸಲ ಟ್ರಾಫಿಕ್ ಸಿಗ್ನಲ್‌ನಲ್ಲಿ ಪಕ್ಕದ ಟ್ಯಾಕ್ಸಿಯವರ ಸುಪ್ರಭಾತ ನಮ್ಮ ಕಾರಲ್ಲಿ ಕೇಳಿಸ್ತು. ಅವರದ್ದೂ ಅದೇ ನಂಬರ್ ಇರಬೇಕು!

ನೆಲಮಂಗಲ ದಾಟಿ ಸಕಲೇಶಪುರದ ಕಡೆ ಹೊರಟ್ರೆ ಕಥೆಯೇ ಬೇರೆ. ಹೋಗ್ತಾ ಹೋಗ್ತಾ ಬ್ಯಾಂಡ್ ಖಾಲಿಯಾಗುತ್ತೆ. ಹಾಸನದಲ್ಲಿ ಆಕಾಶವಾಣಿಯ 102.2 ಬಿಟ್ಟು ಬೇರೆಲ್ಲಾದ್ರೂ ಇಟ್ಟುಕೊಳ್ಳಿ. ಘಟ್ಟದ ತಿರುವಲ್ಲಿ ರೇಡಿಯೊ ಗೊರಗೊರ ಅಂತಿದ್ರೂ ಟ್ರಾನ್ಸ್‌ಮಿಟರ್ ಹಾಡ್ತಾನೇ ಇರುತ್ತೆ, ಅದರ ಸ್ಟೇಷನ್ ಕಾರಿನೊಳಗೇ ಇದೆಯಲ್ಲ.

ಧ್ವನಿ ಸಿಡಿಯಷ್ಟು ಚೊಕ್ಕ ಇರಲ್ಲ. ಎಫ್‌ಎಂ 15 ಕಿಲೋಹರ್ಟ್ಸ್ ಮೇಲಿನ ಸ್ವರಗಳನ್ನ ಕಳಿಸೋದೇ ಇಲ್ಲ, ಆದ್ರೆ ಹಳೇ ಕಾರಿನ ಸ್ಪೀಕರಲ್ಲಿ ಅದು ನಿಮಗೆ ಗೊತ್ತಾಗೋದೂ ಇಲ್ಲ. ಕಿರಿಕಿರಿ ಆಗೋದು ಬೇರೆ ವಿಷಯಕ್ಕೆ. ಟ್ರಾನ್ಸ್‌ಮಿಟರಿನದೇ ಯುಎಸ್‌ಬಿಯಲ್ಲಿ ಫೋನ್ ಚಾರ್ಜ್‌ಗಿಟ್ಟಾಗ ಆಕ್ಸಿಲರೇಟರ್ ಒತ್ತಿದಂತೆಲ್ಲ ‘ಕೀಂ’ ಅನ್ನೋ ಸದ್ದೂ ಏರುತ್ತೆ. ನಾನು ಫೋನನ್ನ ಮನೆಯಲ್ಲೇ ತುಂಬಿಸ್ಕೊಂಡು ಹೊರಡ್ತೀನಿ. ಫೋನಿನ ವಾಲ್ಯೂಮ್ ಮುಕ್ಕಾಲಿಗಿಡಿ, ಪೂರ್ತಿ ಕೊಟ್ರೆ ಹಾಡು ಒಡೆದ ಹಾಗೆ ಕೇಳುತ್ತೆ. ಕೀ ತೆಗೆದ ಮೇಲೂ ಸಾಕೆಟ್‌ಗೆ ಕರೆಂಟ್ ಬರ್ತಿದ್ಯಾ ನೋಡಿ. ಬರ್ತಿದ್ರೆ ಕಿತ್ತಿಡಿ, ಇಲ್ಲಾಂದ್ರೆ ನಾಲ್ಕು ದಿನ ನಿಲ್ಲಿಸಿದ ಕಾರನ್ನ ತಳ್ಳಿ ಸ್ಟಾರ್ಟ್ ಮಾಡೋ ಗತಿ ಬರಬಹುದು.

ನೀವು ಬರೀ ಬೆಂಗಳೂರೊಳಗೇ ಓಡಾಡೋರಾದ್ರೆ ಆ ದುಡ್ಡನ್ನ ಬ್ಲೂಟೂತ್ ಇರೋ ಸ್ಟೀರಿಯೊಗೆ ಕೂಡಿಡಿ. ಊರಿಗೆ ಹೋಗಿಬರೋರಾದ್ರೆ ಕಣ್ಮುಚ್ಚಿ ತಗೊಳ್ಳಿ. ನಮ್ಮಪ್ಪ ಮಾತ್ರ ಕಾರು ಹತ್ತಿದ ತಕ್ಷಣ ಅದನ್ನ ಕಿತ್ತು ಡ್ಯಾಶ್‌ಬೋರ್ಡ್ ಮೇಲಿಟ್ಟು 102.9, ವಿವಿಧ ಭಾರತಿ ಹಾಕ್ತಾರೆ. ಕುಣಿಗಲ್ ತನಕ ನಾನೂ ಸುಮ್ಮನಿರ್ತೀನಿ.