ಮರು: ರಿಕನ್ಸಿಲಿಯೇಷನ್ ವಾರಕ್ಕೆ (ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳ ಜೊತೆ ಸೌಹಾರ್ದ ಬೆಸೆಯುವ ವಾರ) ಮಗಳು ಮಾಡಿದ ಚುಕ್ಕಿ ಚಿತ್ರ ಟೀಚರ್ ಯಾಕೆ ವಾಪಸ್ ಕಳಿಸಿದರು?

ಬಹುಶಃ ಆ ಶೈಲಿಯೇ ಕಾರಣ, ಮಗಳ ಕೈಗುಣವಲ್ಲ. ಚುಕ್ಕಿ ಚಿತ್ರ ಇಡೀ ಆಸ್ಟ್ರೇಲಿಯಾದ ಮೂಲನಿವಾಸಿಗಳದ್ದಲ್ಲ. 1971ರ ಸುಮಾರಿಗೆ ಪಾಪುನ್ಯ ಎಂಬ ಮರುಭೂಮಿಯ ಊರಿನಲ್ಲಿ ಹಲಗೆಗೆ ಇಳಿದ, ಮಧ್ಯ ಮರುಭೂಮಿಯವರ ಕಲೆ. ಆ ಗುರುತುಗಳು ಆಯಾ ಮನೆತನದ ಕಥೆಗಳು. ನಮ್ಮ ರಂಗೋಲಿಯಂತೆ ಯಾರು ಬೇಕಾದರೂ ಹಾಕುವಂಥದ್ದಲ್ಲ, ಹಾಗಾಗಿ ನಕಲು ಬೇಡ ಅನ್ನುತ್ತಾರೆ.

ಮೊದಲು ಶಾಲೆ ಯಾವ ಮೂಲನಿವಾಸಿ ಜನರ ನೆಲದಲ್ಲಿದೆ ನೋಡಿ. ಶಾಲೆಯ ವೆಬ್‌ಸೈಟಿನ ತಳದಲ್ಲೇ ಸಾಮಾನ್ಯವಾಗಿ ಬರೆದಿರುತ್ತೆ. ಮೆಲ್ಬರ್ನ್ ಅಂದಿರಲ್ಲ, ಹೆಚ್ಚಾಗಿ ವುರುಂಡ್ಜೆರಿ ಇಲ್ಲವೇ ಬುನುರಾಂಗ್. ಆಮೇಲೆ ಮಗಳ ಅಂಗೈ ಇಟ್ಟು ಸುತ್ತ ಗೆರೆ ಎಳೆಸಿ, ಒಳಗೆ ಆ ಜನರ ಬಗ್ಗೆ ಕಲಿತ ಒಂದು ವಿಷಯ ಅವಳೇ ಬರೆಯಲಿ. ಪಕ್ಕದಲ್ಲಿ ಆ ವಾರದ ಮೊದಲ ದಿನ ಮೇ 27 (ಮೂಲನಿವಾಸಿಗಳನ್ನೂ ಜನಗಣತಿಗೆ ಸೇರಿಸಲು ಒಪ್ಪಿದ 1967ರ ಜನಮತಗಣನೆ), ಕೊನೆಯ ದಿನ ಜೂನ್ 3 (ಅವರ ನೆಲದ ಹಕ್ಕನ್ನು ಒಪ್ಪಿದ 1992ರ ಮಾಬೋ ತೀರ್ಪು) ಹಾಕಿಸಿ. ಕಳಿಸುವ ಮುಂಚೆ ಟೀಚರ್‌ಗೆ ಒಂದು ಫೋಟೋ ತೋರಿಸಿ ಕೇಳಿಬಿಡಿ.