ಹಳೆ ಮಾರ್ಟಿನಿ ಹೆನ್ರಿಗೆ ಒರಿಜಿನಲ್ ಪಾರ್ಟ್ಸ್: ರೇಟು ಇಳಿಯುವ ತನಕ ಕಾಯಬೇಕಾ?

ಪ್ರಶ್ನೆ ಕೇಳಿದವರು ಭಾಲ್ಕಿ ಕಡೆಯವರು. ಮನೆಯಲ್ಲಿ ಮುತ್ತಜ್ಜನ ಕಾಲದ ಮಾರ್ಟಿನಿ ಹೆನ್ರಿ ಮಿಲಿಟರಿ ರೈಫಲ್ ಇದೆ, ಗುಂಡು ಹಾರಿಸುವ ಸ್ಥಿತಿಯಲ್ಲಿಲ್ಲ, ಗೋಡೆಗೆ ಹಾಕೋಕೆ ಮೊದಲಿನ ಹಾಗೆ ಮಾಡಿಸಬೇಕು ಅಂತಿದ್ದಾರೆ. ಆದರೆ ಹೊರದೇಶದಲ್ಲಿ ಒರಿಜಿನಲ್ ಪಾರ್ಟ್ಸ್ ರೇಟು ವರ್ಷದಿಂದ ವರ್ಷಕ್ಕೆ ಏರ್ತಾನೇ ಇದೆ. ಕಾಯಲಾ, ಈಗಲೇ ತಗೊಳ್ಳಲಾ ಅನ್ನೋದು ಅವರ ಪ್ರಶ್ನೆ.

ಇಳಿಯಲ್ಲ, ಕಾಯಬೇಡಿ. ಹಾಗಂತ ಈಗಲೇ ತಗೊಳ್ಳಿ ಅಂತಲೂ ಹೇಳ್ತಿಲ್ಲ. ನೀವು ಹುಡುಕ್ತಿರೋದರಲ್ಲಿ ಅರ್ಧದಷ್ಟು ನಿಮಗೆ ಬೇಕಾಗೇ ಇಲ್ಲ ಅನ್ನೋದು ನನ್ನ ಅನುಮಾನ. ಯಾಕಂದ್ರೆ ನಾನೂ ಇದೇ ಹುಚ್ಚಿಗೆ ಬಿದ್ದು ಎರಡು ವರ್ಷ ಕಳೆದವನು.

ನಮ್ಮದು ಚಿಂಚೋಳಿ ತಾಲೂಕಿನ ಹಳ್ಳಿ, ಈಗ ಇರೋದು ಕಲಬುರಗಿಯಲ್ಲಿ. ನಿಜಾಮರ ಕಾಲದಲ್ಲಿ ನಮ್ಮ ಮುತ್ತಜ್ಜ ಊರಿನ ಮಾಲಿ ಪಾಟೀಲ. ಹಳೆ ಮಾಳಿಗೆ ಮನೆ ಕೆಡವುವಾಗ ಅಟ್ಟದ ಮೇಲಿನ ಕಂಬಳಿ ಸುತ್ತಿನೊಳಗೆ ರೈಫಲ್ ಸಿಕ್ಕಿತು. ನಳಿಕೆಯಲ್ಲಿ ಮಣ್ಣು, ತುಕ್ಕು, ಯಾವುದೋ ಹುಳದ ಗೂಡು. ಗುಂಡು ಹಾಕುವ ಕಡೆ ಒಳಗಿನ ಸಾಮಾನೇ ಇಲ್ಲ, ಯಾರೋ ಯಾವಾಗಲೋ ತೆಗೆದುಬಿಟ್ಟಿದ್ದಾರೆ. ಮುಂದಿನ ಕಟ್ಟಿಗೆಗೆ ಗೆದ್ದಲು ಹಿಡಿದಿತ್ತು. ಅಪ್ಪ ಅವತ್ತೇ ಪೊಲೀಸ್ ಠಾಣೆಗೆ ಹೋಗಿ ಹೇಳಿ ಬಂದರು. ಬೈಸಿಕೊಂಡು, ಓಡಾಡಿ, ಕೊನೆಗೆ ಇದು ಕೆಲಸಕ್ಕೆ ಬಾರದ ಹಳೇ ಆಯುಧ ಅಂತ ಬರಹದಲ್ಲಿ ತಗೊಂಡರು. ಆ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದೇವೆ. ನಿಮ್ಮ ಹತ್ತಿರ ಅಂಥದ್ದು ಇಲ್ಲ ಅಂದ್ರೆ ಬೇರೆ ಎಲ್ಲ ಬಿಟ್ಟು ಮೊದಲು ಅದನ್ನ ಮಾಡಿಸಿ.

ಈಗ ರೇಟಿನ ವಿಷಯ. ಬ್ರಿಟಿಷ್ ಸೇನೆ ಮಾರ್ಟಿನಿ ಹೆನ್ರಿಯನ್ನ ತಗೊಂಡಿದ್ದು 1871ರಲ್ಲಿ. 1888ಕ್ಕೆ ಲೀ ಮೆಟ್‌ಫರ್ಡ್ ಅನ್ನೋ ಹೊಸ ರೈಫಲ್ ಬಂತು, ಇದು ಹಳೇ ಮಾಲಾಯಿತು. ಅಂದರೆ ಈ ಪಾರ್ಟ್ಸ್ ಸೈನ್ಯಕ್ಕೆ ಅಂತ ತಯಾರಾಗಿ ನೂರು ವರ್ಷದ ಮೇಲಾಯಿತು. ಈಗ ಯಾರಾದರೂ ಒರಿಜಿನಲ್ ಬ್ಯಾಂಡ್ (ನಳಿಕೆ ಹಿಡಿದಿಡುವ ಬಳೆ) ಮಾರ್ತಾರೆ ಅಂದ್ರೆ ಅದು ಹೆಚ್ಚಾಗಿ ಎಲ್ಲಿಂದ ಬರುತ್ತೆ? ಇನ್ನೊಂದು ರೈಫಲ್‌ನಿಂದ. ಇಡೀ ರೈಫಲ್ ಮಾರಿದರೆ ಬರೋದಕ್ಕಿಂತ ಬಿಚ್ಚಿ ಬಿಡಿಬಿಡಿಯಾಗಿ ಮಾರಿದರೆ ಜಾಸ್ತಿ ಬರುತ್ತೆ, ಗುಜರಿಗೆ ಬಂದ ಹಳೆ ಬೈಕಿನ ಕಥೆ ಇದ್ದ ಹಾಗೆ. ಹಾಗೆ ಬಿಚ್ಚಿದಷ್ಟೂ ಪೂರ್ತಿ ಇರೋವು ಕಡಿಮೆ ಆಗ್ತವೆ, ಉಳಿದವಕ್ಕೆ ರೇಟು ಏರುತ್ತೆ. ನಾವು ಕೊಡೋ ದುಡ್ಡೇ ಇನ್ನೊಂದನ್ನ ಬಿಚ್ಚಿಸುತ್ತೆ ಅನ್ನೋದು ಹೊಳೆದಾಗ ನನಗೆ ಸ್ವಲ್ಪ ಕಸಿವಿಸಿ ಆಯಿತು, ಸುಳ್ಳು ಯಾಕೆ ಹೇಳಲಿ.

ನಡುವೆ ಒಂದಷ್ಟು ವರ್ಷ ಮಾಲು ಸಲೀಸಾಗಿ ಸಿಗ್ತಿತ್ತು. 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಕಠ್ಮಂಡುವಿನ ಹಳೆ ಅರಮನೆಯೊಂದರಲ್ಲಿ ಬಿದ್ದಿದ್ದ ನೇಪಾಳ ಸೈನ್ಯದ ಹತ್ತಾರು ಸಾವಿರ ಹಳೆ ಬಂದೂಕುಗಳನ್ನ ಒಟ್ಟಿಗೆ ಖರೀದಿ ಮಾಡಿದರು. ಅದರಲ್ಲಿ ಮಾರ್ಟಿನಿಗಳು ರಾಶಿ ಇದ್ದವು. ಅಂಥ ಇನ್ನೊಂದು ರಾಶಿ ಮತ್ತೆ ಸಿಗುತ್ತೆ ಅಂತ ನನಗಂತೂ ನಂಬಿಕೆ ಇಲ್ಲ. ಆ ಕಡೆ ಗಿರಾಕಿಗಳೂ ಜಾಸ್ತಿ, ಯಾಕಂದ್ರೆ ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮುಂಚೆ ತಯಾರಾದದ್ದು ಆ್ಯಂಟಿಕ್. ನಮ್ಮ ಹಾಗೆ ಕಾಗದ ಹಿಡಿದು ಅಲೆಯುವ ತಾಪತ್ರಯ ಅವರಿಗಿಲ್ಲ.

ಮಿಲಿಟರಿಯ ಹಳೆ ಮಾಲಿಗೆ ಅಲ್ಲಿ ಒಂದು ಕಾಲದಲ್ಲಿ ಬೆಲೆಯೇ ಇರಲಿಲ್ಲ ಅನ್ನೋದೂ ನಿಜ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯನ್ನ ಕೊಂದ ಇಟಲಿಯ ಹಳೆ ಮಿಲಿಟರಿ ರೈಫಲ್ ಅಂಚೆಯಲ್ಲಿ ತರಿಸಿದ್ದು, ದುರ್ಬೀನು ಸೇರಿ 19.95 ಡಾಲರ್. ಅಷ್ಟು ಅಗ್ಗ ಇದ್ದಾಗ ಜನ ಬ್ರಿಟಿಷರ ಲೀ ಎನ್‌ಫೀಲ್ಡ್‌ನಂಥ ಹಳೆ ರೈಫಲ್‌ಗಳನ್ನ ಕೊಂಡು ಬೇಟೆಗೆ ಹಗುರಾಗಲಿ ಅಂತ ಮುಂದಿನ ಕಟ್ಟಿಗೆ ಕೊಯ್ದು ಬಿಸಾಕಿದರು. ಈಗ ಅವರ ಮಕ್ಕಳು ಮೊಮ್ಮಕ್ಕಳು ಅದೇ ಕಟ್ಟಿಗೆಯನ್ನ ಹುಡುಕ್ತಿದ್ದಾರೆ. 1968ರಲ್ಲಿ ಅಲ್ಲಿ ಕಾನೂನು ಬಿಗಿಯಾಗಿ ಅಂಚೆ ವ್ಯಾಪಾರ, ಮಿಲಿಟರಿ ಮಾಲಿನ ಆಮದು ಎರಡಕ್ಕೂ ಕಡಿವಾಣ ಬಿತ್ತು.

ಇದರ ಮೇಲೆ ನಮ್ಮ ರೂಪಾಯಿ. 2010ರಲ್ಲಿ ಡಾಲರ್‌ಗೆ ಸುಮಾರು 45 ರೂಪಾಯಿ ಇತ್ತು, ಈಗ 85 ದಾಟಿದೆ. ಅಲ್ಲಿ ರೇಟು ಒಂದು ಪೈಸೆ ಏರದಿದ್ದರೂ ನಮಗೆ ಡಬಲ್ ಆದಂಗೇ ಅಲ್ವಾ?

ಈಗ ನಿಜವಾದ ಮಾತಿಗೆ ಬರ್ತೀನಿ. 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ಹಳೆ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಇದೆ. ಆದರೆ ಅದು ಬಂದೂಕಾಗಿ ಬಳಸೋಕೆ ಬರಬಾರದು, *ರಿಪೇರಿ ಮಾಡಿದರೂ* ಬರಬಾರದು. ಆ ಎರಡು ಪದ ಓದಿ ನಾನು ಕುರ್ಚಿಯಲ್ಲೇ ಸುಮ್ನೆ ಕೂತುಬಿಟ್ಟೆ. ಅಷ್ಟು ದಿನ ನಾನು ಹುಡುಕ್ತಿದ್ದದ್ದು ನಳಿಕೆಯ ಹಿಂಬದಿ ಮುಚ್ಚುವ ಒಳಗಿನ ಬ್ಲಾಕು, ಸ್ಪ್ರಿಂಗು, ಪಿನ್ನು. ಅವೇ ಎಲ್ಲಕ್ಕಿಂತ ದುಬಾರಿ. ಅವನ್ನ ತಂದು ಕೂರಿಸಿದ್ದರೆ ಗೋಡೆಯ ಮೇಲಿನ ವಸ್ತುವನ್ನ ನಾನೇ ಕೈಯಾರೆ ಮತ್ತೆ ಬಂದೂಕು ಮಾಡಿದಂಗೆ ಆಗ್ತಿತ್ತು. ಮೇಲಾಗಿ ಕಾಯ್ದೆಯಲ್ಲಿ ಬಿಡಿಭಾಗವೂ ಆಯುಧವೇ. ಆಮದಿಗೆ ಲೈಸೆನ್ಸ್ ಬೇಕು, ರಿಪೇರಿ ವ್ಯಾಪಾರಕ್ಕೂ ಬೇಕು. ಆದ್ದರಿಂದ ಒಳಗಿನ ಸಾಮಾನು ಪಟ್ಟಿಯಿಂದ ಹೊಡೆದು ಹಾಕಿ. ಅರ್ಧ ಖರ್ಚು ಅಲ್ಲೇ ಉಳಿಯಿತು. ಬ್ಯಾಂಡು, ಸ್ಕ್ರೂ ಇಂಥ ಹೊರಗಿನ ಸಾಮಾನಿಗೂ ಡಿ.ಸಿ. ಕಚೇರಿಗೆ ಅರ್ಜಿ ಕೊಟ್ಟು ಬರಹದಲ್ಲೇ ಉತ್ತರ ತಗೊಳ್ಳಿ, ಬಾಯಿ ಮಾತು ನಂಬಬೇಡಿ.

ನಾನು ಅರ್ಜಿ ಕೊಟ್ಟಿದ್ದು ಒಂದೇ ಒಂದು ಬ್ಯಾಂಡಿಗೆ. ನಳಿಕೆಯನ್ನ ಕಟ್ಟಿಗೆಗೆ ಹಿಡಿದಿಡುವ ಎರಡು ಕಬ್ಬಿಣದ ಬಳೆ ಇರ್ತಾವಲ್ಲ, ಅದರಲ್ಲಿ ಮುಂದಿನದು ನಮ್ಮದಕ್ಕೆ ಇರಲಿಲ್ಲ. ಉತ್ತರ ಬರೋಕೆ ನಾಲ್ಕು ತಿಂಗಳು. ಅಷ್ಟರಲ್ಲಿ ನಾನು ನೋಡಿಟ್ಟಿದ್ದ ಬ್ಯಾಂಡ್ ಮಾರಾಟ ಆಗಿತ್ತು, ಮುಂದಿನದು ಒಂದೂವರೆ ಪಟ್ಟು. ಸಿಟ್ಟು ಬಂದು ಹೈದರಾಬಾದಿನ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ "ಅಸಲಿ ಮಾಲ್ ಸಾಬ್" ಅಂದದ್ದನ್ನ ನಂಬಿ ಒಂದು ತಂದೆ. ಮನೆಗೆ ಬಂದು ಬೆಳಕಲ್ಲಿ ನೋಡಿದರೆ ತುಕ್ಕು ಎಲ್ಲ ಕಡೆ ಒಂದೇ ಸಮ, ಕಿತ್ತಳೆ ಬಣ್ಣ, ಹೆಬ್ಬೆರಳಲ್ಲಿ ತಿಕ್ಕಿದರೆ ಪುಡಿಯಾಗಿ ಬರ್ತಿದೆ. ಹಳೆ ತುಕ್ಕು ಹಾಗಿರಲ್ಲ, ಕಂದು ಬಣ್ಣಕ್ಕೆ ತಿರುಗಿ ಕಬ್ಬಿಣದೊಳಗೆ ಕೂತಿರುತ್ತೆ, ಕೈ ಆಡೋ ಕಡೆ ಸವೆದು ನುಣುಪಾಗಿರುತ್ತೆ. ಆ್ಯಸಿಡ್ ಹಾಕಿ ಮುದಿ ಮಾಡಿದ ಹೊಸ ಮಾಲು ಅದು. ನಮ್ಮ ದೇಶದಲ್ಲೇ ಹಳೆ ಬಂದೂಕಿನ ನಕಲು ತಯಾರಾಗಿ ಹೊರದೇಶಕ್ಕೆ ಹೋಗುತ್ತೆ, ನಾನು ಮನೆ ಬಾಗಿಲಲ್ಲೇ ಟೋಪಿ ಹಾಕಿಸಿಕೊಂಡೆ.

ಆಮೇಲೆ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಇಟ್ಟಿರೋ ಪರಿಚಯದವರಿಗೆ ಹಳೇ ಆಯುಧ ಅಂತ ಬರೆಸಿಕೊಂಡಿದ್ದ ಆ ಕಾಗದ, ಡಿ.ಸಿ. ಕಚೇರಿಯ ಉತ್ತರ ಎರಡನ್ನೂ ತೋರಿಸಿ, ಹಿಂದಿನ ಬ್ಯಾಂಡ್ ಅಳತೆಗೆ ಕೊಟ್ಟು ಒಂದು ಬಳೆ ಮಾಡಿಸಿದೆ. ಒಳಮೈಯಲ್ಲಿ ಸಣ್ಣದಾಗಿ 2019 ಅಂತ ಕೊರೆಸಿದ್ದೇನೆ. ನಾಳೆ ನನ್ನ ಮಗಳೋ ಇನ್ಯಾರೋ ಅದನ್ನ ಅಸಲಿ ಅಂತ ಮಾರಬಾರದು. ಮೂರು ಅಡಿ ದೂರದಿಂದ ನೋಡಿದರೆ ಯಾರಿಗೂ ಗೊತ್ತಾಗಲ್ಲ. ಸ್ಕ್ರೂ ಮಾತ್ರ ಹಳೆದನ್ನ ಹುಷಾರಾಗಿ ಬಿಚ್ಚಿ, ಕಳೀಬೇಡಿ. ಇವತ್ತಿನ ಮೆಟ್ರಿಕ್ ಥ್ರೆಡ್ ಅದಕ್ಕೆ ಕೂರಲ್ಲ. ಎರಡು ದಿನ ಚಿಮಣಿ ಎಣ್ಣೆ ಬಿಟ್ಟು, ತಲೆಯ ಗೀಟಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿ.

ಕಟ್ಟಿಗೆ ಕೆಲಸ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು. ಮಾರ್ಟಿನಿಯ ಕಟ್ಟಿಗೆ ಅಕ್ರೋಟ್. ಒರಿಜಿನಲ್ ಮುಂಗಟ್ಟಿಗೆ ತರಿಸೋಕೆ ಹೋದರೆ ಸಾಗಣೆಯೇ ತಲೆ ತಿನ್ನುತ್ತೆ. ನಮ್ಮ ಬಡಿಗರು ತೇಗದ ತುಂಡು ಹಾಕ್ತೀನಿ ಅಂದರು, ಬಣ್ಣ ಹೊಂದಲಿಲ್ಲ. ಅಷ್ಟರಲ್ಲಿ ಅತ್ತೆಯ ಮನೆಯಲ್ಲಿ ಒಂದು ಕಾಶ್ಮೀರಿ ಟ್ರೇ ಕಣ್ಣಿಗೆ ಬಿತ್ತು. ಒಂದು ಮೂಲೆ ಮುರಿದಿದೆ, ಅಪ್ಪಟ ಅಕ್ರೋಟ್. ಅತ್ತೆ ಮೊದಲು ಒಪ್ಪಲಿಲ್ಲ, ಹೊಸ ಟ್ರೇ ತಂದುಕೊಟ್ಟ ಮೇಲೆ ಕೊಟ್ಟರು. ಗೆದ್ದಲು ತಿಂದ ಭಾಗವನ್ನಷ್ಟೇ ಓರೆಯಾಗಿ ಕೊಯ್ದು, ನಾರಿನ ದಿಕ್ಕು ನೋಡಿ ತುಂಡು ಅಂಟಿಸಿದರು. ಉಳಿದ ಕಡೆ ಉಪ್ಪುಕಾಗದ ಮುಟ್ಟಿಸೋಕೆ ಬಿಡಲಿಲ್ಲ. ತಿಕ್ಕಿದರೆ ಮುದ್ರೆಗಳು ಹೋಗ್ತವೆ, ಹೋದ ಮುದ್ರೆ ಯಾವ ದುಡ್ಡಿಗೂ ವಾಪಸ್ ಬರಲ್ಲ.

ಎಣ್ಣೆಗೆ ಹೊರದೇಶದ ಡಬ್ಬಿ ತರಿಸಬೇಡಿ. ಬ್ರಿಟಿಷ್ ಸಿಪಾಯಿಗಳು ಹಚ್ಚುತ್ತಿದ್ದದ್ದು ಅಗಸೆ ಎಣ್ಣೆ. ಅಗಸೆ ಹಿಂಡಿ ತಿಂದು ಬೆಳೆದವರು ನಾವು, ಗಾಣದಲ್ಲಿ ಅರ್ಧ ಲೀಟರ್ ತಂದರೆ ವರ್ಷಕ್ಕೆ ಸಾಕು. ನಾನು ಮೊದಲ ಸಲ ದಪ್ಪಗೆ ಬಳಿದು ಕೆಡಿಸಿದೆ. ಅಂಟು ಅಂಟಾಗಿ, ನಮ್ಮ ಬೇಸಿಗೆಯ ಧೂಳೆಲ್ಲ ಅದಕ್ಕೇ ಮೆತ್ತಿಕೊಂಡಿತು. ನಾಲ್ಕೈದು ಹನಿ ಅಂಗೈಗೆ ಹಾಕಿ ಬಿಸಿ ಆಗುವಷ್ಟು ತಿಕ್ಕಿ, ಉಳಿದದ್ದು ಒರೆಸಿ, ಎರಡು ಮೂರು ದಿನ ಬಿಟ್ಟು ಮತ್ತೆ ಹಚ್ಚಬೇಕು. ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹರವಿ ಒಣಗಿಸಿ.

ಭಾಲ್ಕಿಯವರು ಅಂದ ಮೇಲೆ ಯಾರಾದರೂ ನಿಮಗೆ ಬೀದರ್ ಕೋಟೆಯ ಮಣ್ಣಿನಲ್ಲಿ ಕಬ್ಬಿಣ ಕಪ್ಪು ಮಾಡಿಸಿ ಅಂತ ಹೇಳೇ ಹೇಳ್ತಾರೆ. ನನಗೂ ಹೇಳಿದರು. ಬಿದ್ರಿಯಲ್ಲಿ ಕಪ್ಪಾಗೋದು ಸತು ಇರೋ ಎರಕ, ಕಬ್ಬಿಣ ಅಲ್ಲ. ನವಸಾಗರ ಹಾಕಿದ ಆ ಮಣ್ಣು ಮೆತ್ತಿದರೆ ನಿಮ್ಮ ನಳಿಕೆಗೆ ತುಕ್ಕು ಗ್ಯಾರಂಟಿ.

ದುಡ್ಡು ಬಿಚ್ಚುವ ಮುಂಚೆ ನಿಮ್ಮದು ನಿಜವಾದ ಬ್ರಿಟಿಷ್ ಸೈನ್ಯದ ಮಾಲಾ ನೋಡಿಕೊಳ್ಳಿ. ಬಲಗಡೆ ಕಿರೀಟ, ಕೆಳಗೆ ವಿ.ಆರ್. ಅಂತ ವಿಕ್ಟೋರಿಯಾ ರಾಣಿಯ ಅಕ್ಷರ, ಇಸವಿ, ಮಾರ್ಕ್ ನಂಬರ್ (ಅಂದರೆ ಎಷ್ಟನೇ ಮಾದರಿ ಅನ್ನೋದು) ಇರಬೇಕು. ರಾಣಿ ಸತ್ತದ್ದು 1901ರಲ್ಲಿ. ವಿ.ಆರ್. ಇದ್ದು ಇಸವಿ ಅದಕ್ಕಿಂತ ಈಚಿನದಾದರೆ, ಅಥವಾ ಇಂಗ್ಲಿಷಿನ ಎನ್ ಅಕ್ಷರ ಉಲ್ಟಾ ಇದ್ದರೆ, ಅದು ಪಾಕಿಸ್ತಾನ-ಅಫ್ಘಾನಿಸ್ತಾನ ಗಡಿಯ ಖೈಬರ್ ಕಡೆಯ ಕೈಕೆಲಸದ ನಕಲು. ಅದಕ್ಕೆ ಯಾವ ಒರಿಜಿನಲ್ ಪಾರ್ಟೂ ನೇರವಾಗಿ ಕೂರುತ್ತೆ ಅಂತ ಹೇಳೋಕಾಗಲ್ಲ. ಅಸಲಿಯಲ್ಲೂ ಮಾರ್ಕ್ ಬೇರೆ ಆದರೆ ಭಾಗ ಬೇರೆ, ಬ್ಲಾಕು ತೆರೆಯುವ ಕೆಳಗಿನ ಲಿವರ್ ಮಾರ್ಕ್ 4ರಲ್ಲಿ ಹಿಂದಿನವಕ್ಕಿಂತ ಉದ್ದ. ನಮ್ಮದರಲ್ಲಿ ಎರಡು ಬಾಣ ತುದಿಗೆ ತುದಿ ಎದುರಾಗಿರೋ ಗುರುತೂ ಇದೆ. ಸರ್ಕಾರ ಅಧಿಕೃತವಾಗಿ ಸೇವೆಯಿಂದ ತೆಗೆದು ಮಾರಿದ್ದು ಅಂತ ಅರ್ಥ. ಮುತ್ತಜ್ಜ ಕದ್ದು ತಂದದ್ದಲ್ಲ ಅಂತ ಅಪ್ಪನಿಗೆ ಅವತ್ತು ಸಮಾಧಾನ ಆಯಿತು.

ಬಲಗಡೆಯ ಮುದ್ರೆಯ ಫೋಟೋ ಒಂದು ಹಾಕಿ, ನಂಬರ್ ಇದ್ದರೆ ಬೆರಳಲ್ಲಿ ಮುಚ್ಚಿ ತೆಗೀರಿ. ಮಾರ್ಕ್ ಯಾವುದು ಅಂತ ಗೊತ್ತಾದರೆ ಬ್ಯಾಂಡಿನ ಅಳತೆ ನನ್ನ ಹತ್ತಿರ ಬರೆದಿಟ್ಟದ್ದಿದೆ, ಕೊಡ್ತೀನಿ.