ಜನವರಿಯಲ್ಲಿ ಕಾಶಿಗೆ ಹೋಗುವಾಗ ಎರಡನೇ ರೈಲು ತಪ್ಪದಂತೆ

ವಿಜಯಪುರದಿಂದ ಹೊರಟ ನಿಮ್ಮ ಐವರಿಗೂ ಹಿಂದೊಮ್ಮೆ ದೆಹಲಿಯಲ್ಲಿ ಕಾಶಿಯ ರೈಲು ತಪ್ಪಿತ್ತು, ಈ ಜನವರಿಯಲ್ಲಿ ಹಾಗಾಗದಿರಲು ಏನು ಮಾಡಬೇಕು ಎಂದು ಕೇಳಿದ್ದೀರಿ. ಅದಕ್ಕೆ ಬಹುತೇಕ ಮಂಜೇ ಕಾರಣವಾಗಿರಬೇಕು. ಡಿಸೆಂಬರ್ ಕೊನೆಯಿಂದ ಜನವರಿಯುದ್ದಕ್ಕೂ ಗಂಗಾ ಬಯಲಿನಲ್ಲಿ ರಾತ್ರಿಯಿಂದ ಬೆಳಗಿನ ಒಂಬತ್ತು-ಹತ್ತರವರೆಗೆ ಸಿಗ್ನಲ್ ದೀಪವೂ ಕಾಣದಷ್ಟು ಮಂಜು ಕವಿಯುವುದರಿಂದ ರೈಲುಗಳು ನಿಧಾನವಾಗಿ ಓಡುತ್ತವೆ. ಒಂದು ತಡವಾದರೆ ಅದರ ಹಿಂದೆ ಬರುವವೂ ತಡವಾಗುತ್ತವೆ.

ಈ ಸಲ ದೆಹಲಿಯವರೆಗೆ ಹೋಗಲೇಬೇಡಿ. ವಿಜಯಪುರದಿಂದ ಸೊಲ್ಲಾಪುರಕ್ಕೆ ಬಂದು ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದರೆ ಅದು ದೆಹಲಿಗೂ ಮೊದಲೇ ಆಗ್ರಾ ಕ್ಯಾಂಟ್ ಮುಟ್ಟುತ್ತದೆ. ಅಲ್ಲಿಯೇ ಇಳಿದು ಒಂದು ರಾತ್ರಿ ತಂಗಿ, ಮರುದಿನ ಕಾಶಿಗೆ ಆದಷ್ಟು ಹಗಲಿನಲ್ಲಿ ಓಡುವ ರೈಲಿಗೆ ಟಿಕೆಟ್ ತೆಗೆಸಿ. ಮಂಜು ಯಾವ ದಿನ ಕವಿಯುತ್ತದೆ ಎಂದು ತಿಂಗಳ ಮೊದಲೇ ಯಾರೂ ಹೇಳಲಾರರು. ಆದ್ದರಿಂದ ಈ ಒಂದು ರಾತ್ರಿಯ ಬಿಡುವನ್ನು ಖರ್ಚೆಂದು ಕಡಿತ ಮಾಡಬೇಡಿ.

ಅದೇ ದಿನ ಮುಂದಿನ ರೈಲು ಹಿಡಿಯುವುದು ಅನಿವಾರ್ಯವಾದರೆ, ರೈಲು ಟಿಕೆಟ್ ತೆಗೆಸುವ ತಾಣವಾದ ಐಆರ್‌ಸಿಟಿಸಿಯಲ್ಲಿ ಎರಡೂ ಪಿಎನ್‌ಆರ್‌ಗಳನ್ನು (ಟಿಕೆಟ್ ಮೇಲಿನ ಸಂಖ್ಯೆಗಳನ್ನು) ಜೋಡಿಸಿರಿ. ಐವರ ವಿವರಗಳೂ ಎರಡೂ ಟಿಕೆಟ್‌ಗಳಲ್ಲಿ ಒಂದೇ ರೀತಿ ಇರಬೇಕು. ಆಗ ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಅದರ ಹಣ ಮರಳಿ ಸಿಗುತ್ತದೆ. ನೀವು ಹತ್ತುವ ನಿಲ್ದಾಣಕ್ಕೇ ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ, ಪ್ರಯಾಣ ಕೈಬಿಡುವುದಾದರೆ, ಆ ರೈಲು ಅಲ್ಲಿಂದ ಹೊರಡುವ ಮೊದಲೇ ಟಿಡಿಆರ್ (ಟಿಕೆಟ್ ಹಣ ಮರಳಿ ಕೋರುವ ಅರ್ಜಿ) ಸಲ್ಲಿಸಿರಿ. ಹೊರಟ ಮೇಲೆ ಸಲ್ಲಿಸಿದರೆ ಪೂರ್ತಿ ಹಣ ಕೈತಪ್ಪುತ್ತದೆ.

ತಡವಾದ ರೈಲಿನಲ್ಲಿ ಊಟ ಸಿಗುವ ಭರವಸೆಯಿಲ್ಲ. ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಜೊತೆಗಿರಲಿ. ತಾಜ್ ಮಹಲು ಶುಕ್ರವಾರ ಮುಚ್ಚಿರುವುದರಿಂದ, ಆಗ್ರಾದಲ್ಲಿ ತಂಗುವ ದಿನವನ್ನು ನಿಶ್ಚಯಿಸಿಕೊಂಡ ನಂತರವೇ ಸೊಲ್ಲಾಪುರದ ಟಿಕೆಟ್ ತೆಗೆಸಿರಿ.